ಮಹಿಳಾ ಅಧ್ಯಯನ ಅಂದ್ರೆ ಏನು ಓದೋದು?

ಡಿಗ್ರಿ ಫಲಿತಾಂಶ ಬಂದು ಎಂ.ಎ. ಅರ್ಜಿ ಕರೆಯುವ ಹೊತ್ತಿಗೆ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. ಕಲಬುರಗಿಯಲ್ಲಿ ಇರುವವರಿಗೆ ಯೂನಿವರ್ಸಿಟಿ ವಿಷಯ ಎಲ್ಲಾ ಗೊತ್ತಿರುತ್ತದೆ ಅನ್ನುವುದು ಊರ ಕಡೆಯವರ ನಂಬಿಕೆ. ಈ ಸಲ ಫೋನ್ ಮಾಡಿದವರು ಸೇಡಂ ಕಡೆಯ ಸಂಬಂಧಿ, ವರಸೆಯಲ್ಲಿ ನನಗೆ ಕಾಕಾ. ಮಗಳು ಬಿ.ಎ. ಮುಗಿಸಿದ್ದಾಳೆ, ಮಾರ್ಕ್ಸ್ ಚೆನ್ನಾಗಿವೆ. ಕನ್ನಡವನ್ನೋ ಇತಿಹಾಸವನ್ನೋ ತೆಗೆದುಕೊಳ್ಳುತ್ತಾಳೆ ಅಂತ ಮನೆಯವರು ಅಂದುಕೊಂಡಿದ್ದರು. ಅವಳು ಹೇಳಿದ್ದು ಮಹಿಳಾ ಅಧ್ಯಯನ.

"ತಂಗಿ, ಹೆಣ್ಮಕ್ಕಳ ಬಗ್ಗಿ ಎರಡು ವರ್ಷ ಓದೋದೇನದ ಅದ್ರಾಗ? ಮುಂದ ನೌಕರಿ ಏನ್ ಸಿಗ್ತದ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಪೂರ್ತಿ ಹೇಳಲು ಆಗಲಿಲ್ಲ. ಕಾಕಾನಂತೆ ಕೇಳುವವರು ಬೀದರ್, ಯಾದಗಿರಿಯಲ್ಲೂ ಇದ್ದಾರೆ. ಅವರೆಲ್ಲರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತು ಬೇರೆ ಮಾಡಿಕೊಳ್ಳೋಣ

ಈ ಓದಿಗೆ ಕೆಲವು ಕಡೆ ಮಹಿಳಾ ಅಧ್ಯಯನ ಅಂತಾರೆ, ಕೆಲವು ಕಡೆ ಲಿಂಗತ್ವ ಅಧ್ಯಯನ, ಜೆಂಡರ್ ಸ್ಟಡೀಸ್ ಅಂತಾರೆ. ಇದರ ಬುಡದಲ್ಲಿ ಇರುವುದು ಒಂದೇ ಒಂದು ವ್ಯತ್ಯಾಸ. ಅದು ತಿಳಿದರೆ ಅರ್ಧ ವಿಷಯ ತಿಳಿದ ಹಾಗೆ.

ಹುಟ್ಟುವಾಗಲೇ ಬರುವ ದೇಹದ ಗುರುತಿಗೆ ಲಿಂಗ ಅಂತ ಹೇಳುತ್ತಾರೆ. ಹೆರುವುದು, ಹಾಲೂಡಿಸುವುದು ದೇಹಕ್ಕೆ ಸಂಬಂಧಪಟ್ಟವು. ಊರೂರಿಗೆ ಅವು ಬದಲಾಗುವುದಿಲ್ಲ. ಆದರೆ "ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು" ಅಂತ ಮನೆ, ಓಣಿ, ಜಾತಿ, ಶಾಲೆ ಸೇರಿ ಕಲಿಸುತ್ತವಲ್ಲ, ಅದಕ್ಕೆ ಲಿಂಗತ್ವ ಅಥವಾ ಜೆಂಡರ್ ಅನ್ನುತ್ತಾರೆ. ನಮ್ಮ ಭಾಗದಲ್ಲಿ ಲಿಂಗ ಅಂದ ಕೂಡಲೇ ಕೊರಳಿನ ಇಷ್ಟಲಿಂಗ ನೆನಪಾಗುತ್ತದೆ. ಅದಕ್ಕೇ ಪಾಠ ಮಾಡುವವರು ಜೆಂಡರ್ ಅನ್ನುವ ಪದವನ್ನೇ ಜಾಸ್ತಿ ಬಳಸುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ಒಂದು ಉದಾಹರಣೆ ನೋಡಿ. ಕೂಸು ಹೆರುವುದು ದೇಹದ ಮಾತು. ಆ ಕೂಸಿಗೆ ರಾತ್ರಿ ಜ್ವರ ಬಂದರೆ ಯಾರು ಎದ್ದು ಕೂರಬೇಕು ಅನ್ನುವುದು ಜೆಂಡರ್ ಮಾತು. ಒದ್ದೆ ಬಟ್ಟೆ ಹಣೆಗೆ ಹಾಕಲು ಗಂಡು ಕೈ ಆದರೇನು, ಹೆಣ್ಣು ಕೈ ಆದರೇನು? ಆದರೂ ಎದ್ದು ಕೂರುವವರು ಯಾರು ಅಂತ ನಿಮಗೆ ಗೊತ್ತು.

ಇದು ಹೊರಗಿನಿಂದ ಬಂದ ವಿಚಾರ ಅನ್ನುವವರಿದ್ದಾರೆ. ವಚನಕಾರ ಜೇಡರ ದಾಸಿಮಯ್ಯ ಯಾದಗಿರಿ ಜಿಲ್ಲೆಯ ಮುದನೂರಿನವರು. ದೇಹದ ಗುರುತು ನೋಡಿ ಜನ ಹೆಣ್ಣು ಅಂತಾರೆ, ಗಂಡು ಅಂತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅಂತ ನೂರಾರು ವರ್ಷಗಳ ಹಿಂದೆಯೇ ಹೇಳಿ ಹೋಗಿದ್ದಾರೆ. ಬೇರೆ ಕಡೆ ವಿದ್ವಾಂಸರು ಇದೇ ವ್ಯತ್ಯಾಸಕ್ಕೆ ಶಾಸ್ತ್ರದ ರೂಪ ಕೊಟ್ಟದ್ದು ಇಪ್ಪತ್ತನೇ ಶತಮಾನದಲ್ಲಿ.

ಒಂದು ರೊಟ್ಟಿಯ ಲೆಕ್ಕ

ಈ ವಿಷಯ ಹೇಗೆ ಯೋಚಿಸಲು ಕಲಿಸುತ್ತದೆ ಅಂತ ತೋರಿಸಲು ನನಗೆ ಜೋಳದ ರೊಟ್ಟಿಗಿಂತ ಒಳ್ಳೆಯ ಉದಾಹರಣೆ ಕಂಡಿಲ್ಲ.

ರೊಟ್ಟಿ ಬಡಿಯುವುದು ಸುಮ್ನೆ ಬರುವ ಕೆಲಸ ಅಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಅದಕ್ಕೇ ಎಸರು ಕುದಿಸಿ ಹಾಕಬೇಕು, ಕೈ ಸುಡುವಾಗಲೇ ನಾದಬೇಕು. ಉಂಡೆಯನ್ನು ಪರಾತದಲ್ಲಿಟ್ಟು ತಿರುಗಿಸುತ್ತಾ ಅಂಗೈಯಿಂದ ಬಡಿಯಬೇಕು. ಅಂಚು ಒಡೆಯಬಾರದು, ನಡುವೆ ದಪ್ಪ ಉಳಿಯಬಾರದು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಬೇಕು. ಆ ನೀರು ಆರುವುದರೊಳಗೆ ತಿರುವಿ ಹಾಕಬೇಕು. ಆರು ಜನರ ಮನೆ ಅಂದರೆ ದಿನಕ್ಕೆ ಇಪ್ಪತ್ತು ರೊಟ್ಟಿಯಾದರೂ ಆಗಬೇಕು. ಬೇಸಿಗೆಯಲ್ಲಿ, ಕಲಬುರಗಿಯ ಬಿಸಿಲಲ್ಲಿ, ಒಲೆ ಮುಂದೆ.

ಇದೇ ಹೆಂಗಸು ಇದೇ ಇಪ್ಪತ್ತು ರೊಟ್ಟಿಯನ್ನು ಖಾನಾವಳಿಯಲ್ಲಿ ಬಡಿದರೆ ಅದು ಕೂಲಿ. ದೇಶದ ಉತ್ಪನ್ನದ ಲೆಕ್ಕದಲ್ಲಿ, ಅಂದರೆ ಜಿಡಿಪಿಯಲ್ಲಿ, ಖಾನಾವಳಿಯ ದುಡಿಮೆ ಸೇರುತ್ತದೆ. ಮನೆಯಲ್ಲಿ ಬಡಿದರೆ ಸೇರುವುದಿಲ್ಲ. ಹಿಟ್ಟು ಅದೇ, ಕೈ ಅದೇ, ಉಣ್ಣುವವರ ಹಸಿವೂ ಅದೇ. ಹೀಗೆ ದುಡ್ಡು ಬಾರದ ದುಡಿಮೆಗೆ "ವೇತನವಿಲ್ಲದ ಕೆಲಸ" ಅನ್ನುತ್ತಾರೆ. ಮಹಿಳಾ ಅಧ್ಯಯನದಲ್ಲಿ ತುಂಬಾ ಮುಖ್ಯವಾದ ಮಾತು ಇದು.

ಈಚೆಗೆ ನಮ್ಮ ಜಿಲ್ಲೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು "ಕಲಬುರಗಿ ರೊಟ್ಟಿ" ಅನ್ನುವ ಬ್ರ್ಯಾಂಡ್ ಹೆಸರಿನಲ್ಲಿ ರೊಟ್ಟಿ ಮಾರುತ್ತಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲೂ ಅದರ ಮಾತು ಬಂತು. ಮಹಿಳಾ ಅಧ್ಯಯನದ ವಿದ್ಯಾರ್ಥಿ ಇದನ್ನು ನೋಡಿ ಖುಷಿಪಡುತ್ತಾಳೆ, ಆಮೇಲೆ ಕೇಳುತ್ತಾಳೆ: ಬಂದ ದುಡ್ಡು ಯಾರ ಕೈ ಸೇರುತ್ತದೆ? ಸಂಘದಲ್ಲಿ ರೊಟ್ಟಿ ಬಡಿದು ಬಂದವಳು ಮನೆಯಲ್ಲಿ ಮತ್ತೆ ಬಡಿಯಬೇಕಾ? ಅವಳ ದಿನ ಉದ್ದವಾಯಿತಾ, ಹಗುರಾಯಿತಾ? ಇವು ಟೀಕೆಗಳಲ್ಲ. ಹೋಗಿ, ಕೇಳಿ, ಬರೆದುಕೊಂಡು ಬರಬೇಕಾದ ಪ್ರಶ್ನೆಗಳು.

ಅದಕ್ಕೆ ಒಂದು ಸರಳ ವಿಧಾನವೂ ಇದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಒಂದು ದಿನ ತೆಗೆದುಕೊಳ್ಳಿ. ಕಾಗದದ ಮೇಲೆ ಇಪ್ಪತ್ನಾಲ್ಕು ಗಂಟೆಗೆ ಇಪ್ಪತ್ನಾಲ್ಕು ಮನೆ ಹಾಕಿ, ಒಂದು ಸಾಲು ಗಂಡನಿಗೆ, ಒಂದು ಸಾಲು ಹೆಂಡತಿಗೆ. ಹೊಲದ ಹೊತ್ತು ಇಬ್ಬರದೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅದರ ಹಿಂದೆ ಮುಂದೆ ನೋಡಿ. ನಸುಕಿನಲ್ಲಿ ಕಸ, ನೀರು, ರೊಟ್ಟಿ, ಬುತ್ತಿ. ಸಂಜೆ ಪಾತ್ರೆ, ಮತ್ತೆ ಅಡುಗೆ, ಮಕ್ಕಳು. ಪಟ್ಟಿ ಮುಗಿದ ಮೇಲೆ ಆಕೆಯನ್ನೇ "ನೀವೇನ್ ಕೆಲಸ ಮಾಡ್ತೀರಿ?" ಅಂತ ಕೇಳಿದರೆ ಬರುವ ಉತ್ತರ: "ಏನಿಲ್ರೀ, ಮನ್ಯಾಗೇ ಇರ್ತೀನಿ."

ಇದನ್ನೇ ಸರ್ಕಾರ ದೇಶದ ಮಟ್ಟದಲ್ಲಿ ಮಾಡುತ್ತದೆ. ಅದರ ಹೆಸರು ಸಮಯ ಬಳಕೆ ಸಮೀಕ್ಷೆ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಇಬ್ಬರದೂ ಹತ್ತು ನಿಮಿಷದಷ್ಟು ಇಳಿದಿದೆ, ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಇದೆ.

ಪ್ರಶ್ನೆ ಕೇಳುವ ರೀತಿಯಿಂದಲೂ ಲೆಕ್ಕ ಬದಲಾಗುತ್ತದೆ. 1991ರ ಜನಗಣತಿಯಲ್ಲಿ ಕೆಲಸದ ಪ್ರಶ್ನೆಗೆ "ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿ" ಅನ್ನುವ ಮಾತು ಸೇರಿಸಿದರು. ಸುಮ್ನೆ "ಕೆಲಸ ಮಾಡ್ತೀರಾ?" ಅಂದರೆ ಇಲ್ಲ ಅನ್ನುವವಳು, ಹೀಗೆ ಬಿಡಿಸಿ ಕೇಳಿದರೆ ಹೌದು ಅನ್ನುತ್ತಾಳೆ. ಒಂದು ಸಾಲಿನ ಹಿಂದೆ ಎಷ್ಟು ಜನ ಹೆಂಗಸರಿರುತ್ತಾರೆ ನೋಡಿ.

ಪಹಣಿಯಲ್ಲಿ ಯಾರ ಹೆಸರಿದೆ?

ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಬಹಳ ಮನೆಗಳಲ್ಲಿ ಅಪ್ಪ, ಕಾಕಾ, ಅಣ್ಣ ಇರುತ್ತಾರೆ. ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿ ಮಾಡುವಾಗ ಹೊಲದಲ್ಲಿದ್ದ ಅವ್ವನ ಹೆಸರು ಇರುವುದು ಅಪರೂಪ. ಪಿಎಂ ಕಿಸಾನ್ ಹಣ ಬರುವುದು ಭೂಮಿ ದಾಖಲೆಯಲ್ಲಿ ಹೆಸರಿದ್ದವರಿಗೆ. ಹೀಗಾಗಿ ಹೊಲದಲ್ಲಿ ದುಡಿದರೂ ಕಾಗದದ ಮೇಲೆ ಆಕೆ ರೈತಳಾಗುವುದಿಲ್ಲ.

ಹಾಗಾದರೆ ಕಾನೂನು ಇಲ್ವಾ? ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರಲ್ಲಿ ಕೇಂದ್ರದ ಕಾಯ್ದೆಯೇ ಬದಲಾಗಿ ಇಡೀ ದೇಶಕ್ಕೆ ಈ ಹಕ್ಕು ಬಂತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಕಾನೂನು ಕಾಲೇಜಿನ ಪಾಠ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಮಹಿಳಾ ಅಧ್ಯಯನದ ಪಾಠ ಇಲ್ಲಿಂದ ಶುರುವಾಗುತ್ತದೆ. ಪಾಲು ಇದ್ದರೂ ಅಕ್ಕತಂಗಿಯರು ಹಕ್ಕು ಬಿಟ್ಟ ಪತ್ರಕ್ಕೆ ಯಾಕೆ ಸಹಿ ಹಾಕುತ್ತಾರೆ? ಕೇಳಿ ನೋಡಿ. "ಹೊಲ ಇಸ್ಕೊಂಡ್ರ ಪಂಚಮಿಗಿ ಕರಿಯೋರು ಯಾರ್ರೀ?" ಅನ್ನುತ್ತಾರೆ. ತವರಿನ ಬಾಗಿಲು, ವರ್ಷಕ್ಕೊಮ್ಮೆ ಉಡಿ ತುಂಬುವ ಕೈ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಬಂದು ನಿಲ್ಲುವ ಅಣ್ಣ. ಇವನ್ನು ಒಂದು ತಟ್ಟೆಯಲ್ಲಿ, ಎರಡು ಎಕರೆಯನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ಆಕೆ ತೂಗಿದ್ದಾಳೆ. ಆಕೆ ದಡ್ಡಿಯಲ್ಲ. ಆಕೆಯ ಲೆಕ್ಕವನ್ನು ಗೌರವದಿಂದ ಕೇಳಿ ಬರೆದುಕೊಳ್ಳುವುದು ಈ ಓದಿನ ಕೆಲಸ. ನನಗಂತೂ ಈ ವಿಷಯದಲ್ಲಿ ಬಹಳ ಇಷ್ಟವಾಗುವುದು ಇದೇ.

ಹೆಂಗಸರೆಲ್ಲ ಒಂದೇ ಥರ ಅಲ್ಲ

ಯಾದಗಿರಿ ತಾಂಡಾದ ಹೆಂಗಸು, ಬೀದರಿನ ಹಳೆ ಊರಿನ ಮುಸ್ಲಿಂ ಹುಡುಗಿ, ಕಲಬುರಗಿಯ ಬ್ಯಾಂಕ್ ಉದ್ಯೋಗಿ, ಮೂವರೂ ಹೆಣ್ಣೇ. ಅಂದಮಾತ್ರಕ್ಕೆ ಮೂವರ ಕಷ್ಟವೂ ಒಂದೇನಾ? ಜಾತಿ, ಧರ್ಮ, ಬಡತನ, ಊರು ಇವೆಲ್ಲ ಹೆಣ್ತನದ ಜೊತೆ ಸೇರಿಕೊಳ್ಳುತ್ತವೆ. ಇದಕ್ಕೆ ಇಂಟರ್‌ಸೆಕ್ಷನಾಲಿಟಿ ಅಂತ ಹೆಸರು ಕೊಟ್ಟವರು ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ, 1989ರಲ್ಲಿ. ರಸ್ತೆಗಳು ಕೂಡುವ ಜಾಗದ ಹೋಲಿಕೆಯನ್ನು ಅವರೇ ಕೊಟ್ಟಿದ್ದಾರೆ. ನಾವು ಕಲಬುರಗಿಯ ಜಗತ್ ಸರ್ಕಲ್ ಅಂದುಕೊಳ್ಳೋಣ. ನಡುವೆ ನಿಂತವರಿಗೆ ಗಾಡಿ ಯಾವ ಕಡೆಯಿಂದಲೂ ಬಂದು ಬಡಿಯಬಹುದು, ಎರಡು ಕಡೆಯಿಂದ ಒಟ್ಟಿಗೇ ಬರಬಹುದು.

2011ರ ಜನಗಣತಿಯ ಸಾಕ್ಷರತೆ ನೋಡಿ. ಹೆಂಗಸರಲ್ಲಿ ಓದು ಬರಹ ಬಲ್ಲವರು ಬೀದರಿನಲ್ಲಿ ಸುಮಾರು 62 ಪ್ರತಿಶತ, ಕಲಬುರಗಿಯಲ್ಲಿ 55, ಯಾದಗಿರಿಯಲ್ಲಿ 41. ಯಾದಗಿರಿಯ ಗಂಡಸರಲ್ಲಿ? ಸುಮಾರು 62. ಅಂದರೆ ಬೀದರಿನ ಹೆಂಗಸರೂ ಯಾದಗಿರಿಯ ಗಂಡಸರೂ ಒಂದೇ ಮಟ್ಟದಲ್ಲಿದ್ದರು. ಹೆಣ್ಣು ಗಂಡು ಅನ್ನುವ ಒಂದೇ ಗೆರೆ ಎಳೆದರೆ ಇದು ಕಾಣುವುದಿಲ್ಲ. ಯಾವ ಜಿಲ್ಲೆ ಅನ್ನುವ ಗೆರೆಯೂ ಬೇಕು.

ಗಂಡಸರೂ ಈ ಓದಿನ ಒಳಗೇ ಬರುತ್ತಾರೆ. "ಗಂಡಸಾಗಿ ಅಳ್ತೀಯಾ?" ಅಂತ ಚಿಕ್ಕ ಹುಡುಗನಿಗೆ ಹೇಳುವುದೂ ಜೆಂಡರೇ. ಮಳೆ ಕೈಕೊಟ್ಟ ವರ್ಷ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದವನು ತನ್ನ ಸಂಕಟ ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವುದೂ ಜೆಂಡರೇ. ಹಾಗೇ ಲಿಂಗತ್ವ ಅಲ್ಪಸಂಖ್ಯಾತರು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ತೃತೀಯ ಲಿಂಗಿಗಳೆಂದು ಗುರುತಿಸಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಅವರಿಗೆ 1 ಪ್ರತಿಶತ ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನ ಉಡುಗೆ ಉಡುವ ನಮ್ಮ ಕಡೆಯ ಜೋಗಪ್ಪಗಳ ಬದುಕೂ ಈ ಓದಿಗೆ ಸೇರಿದ್ದೇ. ಮಹಿಳಾ ಅಧ್ಯಯನ ಅನ್ನುವ ಹೆಸರನ್ನು ಕೆಲವು ವಿಶ್ವವಿದ್ಯಾಲಯಗಳು ಜೆಂಡರ್ ಅಧ್ಯಯನ ಅಂತ ಬದಲಿಸಿದ್ದಕ್ಕೆ ಇವರೆಲ್ಲರನ್ನೂ ಒಳಗೆ ತರಬೇಕು ಅನ್ನುವುದೂ ಒಂದು ಕಾರಣ.

ಈ ವಿಷಯ ಬಂದದ್ದು ಎಲ್ಲಿಂದ?

1971ರಲ್ಲಿ ಕೇಂದ್ರ ಸರ್ಕಾರ ದೇಶದ ಮಹಿಳೆಯರ ಸ್ಥಿತಿ ತಿಳಿಯಲು ಒಂದು ಸಮಿತಿ ಮಾಡಿತು. 1974ರ ಕೊನೆಗೆ ವರದಿ ಬಂತು. ಸಂವಿಧಾನ ಸಮಾನತೆ ಕೊಟ್ಟು ಕಾಲು ಶತಮಾನ ಆಗಿತ್ತು, ಪರಿಸ್ಥಿತಿ ಸುಧಾರಿಸಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿತ್ತು. ವರದಿ ಬರೆದವರೇ ಬೆಚ್ಚಿದರು. ಸಮಿತಿಯ ಕಾರ್ಯದರ್ಶಿಯಾಗಿದ್ದ ವೀಣಾ ಮಜುಂದಾರ್ ಮುಂದೆ ಜೀವನವಿಡೀ ಇದೇ ಕೆಲಸಕ್ಕೆ ನಿಂತರು.

ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲೇ ನೀರಾ ದೇಸಾಯಿ ಮುಂದಾಳತ್ವದಲ್ಲಿ ಒಂದು ಸಂಶೋಧನಾ ಘಟಕ ಶುರುವಾಗಿತ್ತು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಎಂಬತ್ತರ ದಶಕದ ನಡುವಿನಿಂದ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನ ಕೇಂದ್ರಗಳಿಗೆ ಹಣ ಕೊಡಲು ಶುರು ಮಾಡಿತು.

ತರಗತಿಯಲ್ಲಿ ಏನು ನಡೆಯುತ್ತದೆ?

ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸ್ತ್ರೀವಾದದ ಬೇರೆಬೇರೆ ಧಾರೆಗಳು, ಮಹಿಳಾ ಚಳವಳಿಯ ಇತಿಹಾಸ, ಕಾನೂನು, ಆರೋಗ್ಯ, ದುಡಿಮೆ, ಸಾಹಿತ್ಯ, ಸಂಶೋಧನೆಯ ವಿಧಾನ ಇವು ಸಾಮಾನ್ಯವಾಗಿ ಇರುವ ಪತ್ರಿಕೆಗಳು. ಸ್ತ್ರೀವಾದ ಅಂದರೆ ಗಂಡಸರ ಮೇಲೆ ಸಿಟ್ಟು ಅಂತ ಬಹಳ ಜನರ ಕಲ್ಪನೆ. ಹೆಣ್ಣಿಗೂ ಗಂಡಿಗೂ ಸಮಾನ ಹಕ್ಕು, ಸಮಾನ ಮರ್ಯಾದೆ ಇರಬೇಕು ಅನ್ನುವುದೇ ಆ ಪದದ ಅರ್ಥ. ಅದನ್ನು ಹೇಗೆ ತರಬೇಕು ಅನ್ನುವುದರಲ್ಲಿ ಸ್ತ್ರೀವಾದಿಗಳ ನಡುವೆಯೇ ವಾದಗಳಿವೆ. ತರಗತಿಯಲ್ಲಿ ಆ ವಾದಗಳನ್ನೆಲ್ಲ ಓದುತ್ತಾರೆ.

ಜೆಂಡರ್ ಬಜೆಟ್ ಅನ್ನುವುದೂ ಪಾಠದಲ್ಲಿ ಬರುತ್ತದೆ. ಅದು ಹೆಂಗಸರಿಗೆ ಅಂತ ಮಾಡುವ ಬೇರೆ ಬಜೆಟ್ ಅಲ್ಲ. ಇರುವ ಬಜೆಟ್ಟಿನಲ್ಲೇ ರಸ್ತೆ, ನೀರು, ಶಾಲೆಯ ಹಣದಲ್ಲಿ ಹೆಂಗಸರಿಗೆ ಎಷ್ಟು ತಲುಪುತ್ತದೆ ಅಂತ ತೆಗೆಯುವ ಲೆಕ್ಕ. ಕೇಂದ್ರ 2005-06ರಿಂದ, ಕರ್ನಾಟಕ 2007-08ರಿಂದ ಈ ಲೆಕ್ಕ ಇಡುತ್ತಿವೆ.

ಕೊನೆಗೆ ಸಾಮಾನ್ಯವಾಗಿ ಒಂದು ಕಿರುಸಂಶೋಧನೆ ಮಾಡಿಸುತ್ತಾರೆ. ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಒಳ್ಳೆಯದಾ, ಕೆಟ್ಟದ್ದಾ ಅಂತ ಚಹಾದಂಗಡಿಯಲ್ಲಿ ಚರ್ಚೆ ನಡೆಯುತ್ತದೆ. ವಿದ್ಯಾರ್ಥಿ ಮಾತ್ರ ಜೇವರ್ಗಿ ಬಸ್ ಹತ್ತಿ ಕೂತವರನ್ನು ಕೇಳಬೇಕು: ಎಲ್ಲಿಗೆ ಹೊರಟಿದ್ದೀರಿ? ಮೊದಲು ಈ ಕೆಲಸಕ್ಕೆ ಹೋಗುತ್ತಿದ್ದಿರಾ? ಉಳಿದ ದುಡ್ಡು ಯಾವುದಕ್ಕೆ ಹೋಯಿತು? ಒಬ್ಬರೇ ಹೊರಟಿರಾ, ಮನೆಯಲ್ಲಿ ಕೇಳಿ ಬಂದಿರಾ? ನೂರು ಜನರನ್ನು ಹೀಗೆ ಕೇಳಿ ಬರೆದರೆ ಅಂದಾಜಿನ ಮಾತಿಗೆ ಬದಲು ಕೈಯಲ್ಲಿ ಮಾಹಿತಿ ಇರುತ್ತದೆ.

ಎಲ್ಲಿ ಓದಬಹುದು?

ನಮ್ಮ ಮೂರೂ ಜಿಲ್ಲೆಯವರಿಗೆ ಹತ್ತಿರದ್ದು ಕಲಬುರಗಿಯ ಜ್ಞಾನಗಂಗಾದಲ್ಲಿರುವ, 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯ. ಅಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಆದದ್ದು, ಅಲ್ಲೂ ಈ ವಿಭಾಗವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಅವಕಾಶವಿದೆ, ಅದೂ ಕನ್ನಡದಲ್ಲೇ. ಬೀದರಿನವರಿಗೆ ಹೈದರಾಬಾದ್ ದೂರವೇನಲ್ಲ. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಂಡರ್ ಅಧ್ಯಯನ ಇದೆ. ಉರ್ದುವಿನಲ್ಲಿ ಓದಿದವರಿಗೆ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವೂ ಇದೆ. ಮನೆ ಬಿಟ್ಟು ಹೋಗಲು ಆಗದವರಿಗೆ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ದೂರಶಿಕ್ಷಣದ ಎಂ.ಎ. ಇದೆ, ಆದರೆ ಇಂಗ್ಲಿಷ್ ಓದಿ ರೂಢಿ ಇರಬೇಕು.

ಬಿ.ಎ.ಯಲ್ಲಿ ಇದೇ ವಿಷಯ ಓದಿರಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಆದರೂ ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ. ಮಹಿಳಾ ವಿಶ್ವವಿದ್ಯಾಲಯ ಬಿಟ್ಟರೆ ಉಳಿದ ಕಡೆ ಹುಡುಗರೂ ಸೇರಬಹುದು. ಸೇರಲಿ ಅನ್ನುವುದೇ ನನ್ನ ಆಸೆ.

ನೌಕರಿಯ ಮಾತು

ಕಾಕಾನಿಗೆ ನಾನು ಮುಚ್ಚುಮರೆ ಮಾಡಲಿಲ್ಲ. ಕಾಲೇಜುಗಳಲ್ಲಿ ಮಹಿಳಾ ಅಧ್ಯಯನದ್ದೇ ಬೋಧಕ ಹುದ್ದೆಗಳು ಕಡಿಮೆ. ಕನ್ನಡ, ಅರ್ಥಶಾಸ್ತ್ರದಷ್ಟು ಇಲ್ಲ. ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಈ ವಿಷಯ ಇದೆ. ನೆಟ್‌ನಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಮಗಳು ಬೋಧನೆಯ ದಾರಿಯನ್ನೇ ನಂಬಿದ್ದರೆ ಮೊದಲ ವರ್ಷದಿಂದಲೇ ನೆಟ್ ಪುಸ್ತಕ ಹಿಡಿಯಬೇಕು.

ಬೇರೆ ದಾರಿಗಳಿವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹುದ್ದೆಗೆ ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಪರೀಕ್ಷೆ ಬರೆಯಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೊಂದ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿಗಳೂ ನಮ್ಮ ರಾಜ್ಯದಲ್ಲಿ ಈ ಸಿಡಿಪಿಒಗಳೇ. ಈ ಓದು ಅಲ್ಲಿ ದಿನನಿತ್ಯ ಕೆಲಸಕ್ಕೆ ಬರುತ್ತದೆ. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಗಳು, ಸಾಂತ್ವನ ಕೇಂದ್ರಗಳು, ಸ್ವಸಹಾಯ ಸಂಘಗಳನ್ನು ಕಟ್ಟುವ ಸಂಜೀವಿನಿ ಯೋಜನೆ, ಸ್ವಯಂಸೇವಾ ಸಂಸ್ಥೆಗಳಲ್ಲೂ ಕೆಲಸವಿದೆ. ಅವುಗಳಲ್ಲಿ ಬಹಳಷ್ಟು ಗುತ್ತಿಗೆಯವು, ಸಂಬಳ ಕಡಿಮೆ. ಇದನ್ನೂ ತಿಳಿದೇ ಸೇರಬೇಕು. ಇನ್ನು, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಆ ಸಮಿತಿಗೆ ಹೊರಗಿನ ಒಬ್ಬ ಸದಸ್ಯರು ಬೇಕೇ ಬೇಕು. ವಿಷಯ ತಿಳಿದವರನ್ನು ಸಂಸ್ಥೆಗಳು ಹುಡುಕುತ್ತಿರುತ್ತವೆ.

ಅರ್ಜಿಗೆ ಮುಂಚೆ ಒಂದು ಕಾಗದ

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿಯಿಂದಾಗಿ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ 70 ಪ್ರತಿಶತ ಸೀಟು ಸ್ಥಳೀಯರಿಗೆ ಮೀಸಲು. ಆದರೆ ಈ ಭಾಗದವರು ಅನ್ನುವ ಪ್ರಮಾಣಪತ್ರ ಕೈಯಲ್ಲಿರಬೇಕು. ಅದಕ್ಕೆ ಸಹಿ ಹಾಕುವವರು ಉಪವಿಭಾಗದ ಸಹಾಯಕ ಆಯುಕ್ತರು. ಕೊನೆಯ ದಿನ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಕಾಕಾ ಕೊನೆಗೆ ಕೇಳಿದ್ದೂ ಇದನ್ನೇ: "ಅದಕ್ಕ ಕಲಬುರ್ಗಿಗೇ ಬರಬೇಕೇನವಾ?" ಬೇಡ ಅಂದೆ. ಸಹಾಯಕ ಆಯುಕ್ತರ ಕಚೇರಿ ಸೇಡಂನಲ್ಲೇ ಇದೆ. ಸೋಮವಾರ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಅಂದರು.